ಅತ್ತೆಯ ಜೊತೆ ಫುಶಿಮಿಯಿಂದ ಇಸೆಯವರೆಗೆ

ಶನಿವಾರ: ಫುಶಿಮಿ, ಗಿಯೋನ್

ಕ್ಯೋಟೋದ ಫುಶಿಮಿ ಇನಾರಿ ಗುಡಿಯ ಕೆಂಪು ಕಮಾನುಗಳ ಚಿತ್ರವನ್ನು ನೋಡದವರು ಕಡಿಮೆ. ಒಂದಕ್ಕೊಂದು ಒತ್ತಿಕೊಂಡು ನಿಂತ ಸಾವಿರಾರು ‘ತೋರಿ’ಗಳು, ನಡುವೆ ಬೆನ್ನು ತೋರಿಸಿ ನಡೆಯುತ್ತಿರುವ ಕಿಮೋನೋ ಹುಡುಗಿ. ಆ ಚಿತ್ರಗಳೆಲ್ಲ ಬೆಟ್ಟ ಹತ್ತುವವರು ತೆಗೆದವು. ಇಳಿಯುವಾಗ ನೋಟವೇ ಬೇರೆ. ಕಂಬಗಳ ಹಿಂಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕಪ್ಪು ಅಕ್ಷರಗಳು: ಕಮಾನು ಕೊಟ್ಟವರ ಹೆಸರು, ಊರು, ದಿನಾಂಕ. ನಮ್ಮ ಜೊತೆಗಿದ್ದ ಗೆಳತಿ ಓದಿ ಹೇಳುತ್ತಾ ಇಳಿದರು. ಒಂದು ಗುತ್ತಿಗೆದಾರರ ಕಂಪನಿ, ಒಬ್ಬ ಹಲ್ಲಿನ ವೈದ್ಯ, ಒಂದು ನೂಡಲ್ಸ್ ಅಂಗಡಿ. ಇನಾರಿ ಮೂಲತಃ ಭತ್ತದ ದೇವರು. ಊರುಗಳು ಬೆಳೆದು ವ್ಯಾಪಾರ ಹೆಚ್ಚಿದಂತೆ ಅಂಗಡಿಕಾರರೂ ಈ ದೇವರಿಗೆ ನಡೆದುಕೊಳ್ಳತೊಡಗಿದರು. ದಾರಿಯುದ್ದಕ್ಕೂ ಕುಳಿತ ನರಿಗಳು ದೇವರಲ್ಲ, ದೇವರ ದೂತರು. ಒಂದರ ಬಾಯಲ್ಲಿ ಕಣಜದ ಬೀಗದ ಕೈ, ಇನ್ನೊಂದರ ಬಾಯಲ್ಲಿ ಭತ್ತದ ತೆನೆ.

ಪತಿಯನ್ನು ಕಚೇರಿಯವರು ಕೆಲವು ತಿಂಗಳ ಮಟ್ಟಿಗೆ ಓಸಾಕಾಕ್ಕೆ ಕಳಿಸಿದ್ದರಿಂದ ನನಗೂ ಸಾಗರದಲ್ಲಿದ್ದ ಅತ್ತೆಗೂ ಈ ಪ್ರಯಾಣದ ಯೋಗ ಕೂಡಿಬಂತು. ಪತಿಗೆ ರಜೆ ಸಿಗಲಿಲ್ಲ. ಬದಲಿಗೆ ವಾರಾಂತ್ಯಕ್ಕೆ ಕ್ಯೋಟೋದಲ್ಲೇ ಹುಟ್ಟಿ ಬೆಳೆದ ತಮ್ಮ ಸಹೋದ್ಯೋಗಿಯೊಬ್ಬರನ್ನು ನಮಗೆ ಜೊತೆ ಮಾಡಿದರು. ಈ ಗೆಳತಿಯ ಇಂಗ್ಲಿಷ್ ಚೆನ್ನಾಗಿತ್ತು, ತಾಳ್ಮೆ ಇನ್ನೂ ಚೆನ್ನಾಗಿತ್ತು.

ಬೆಟ್ಟದ ಅರ್ಧದಾರಿಯಲ್ಲಿ ಕೆಲಸಗಾರನೊಬ್ಬ ಕಮಾನಿನ ಬುಡಕ್ಕೆ ಬಣ್ಣ ಬಳಿಯುತ್ತಿದ್ದ. ಮರ ನೆಲಕ್ಕೆ ತಾಗುವ ಕಡೆ ಮಳೆಗೆ ಲಡ್ಡಾಗುತ್ತದೆ. ಕೊಳೆತದ್ದನ್ನು ಕಿತ್ತು ಹೊಸದನ್ನು ನಿಲ್ಲಿಸುತ್ತಾರೆ, ಅದಕ್ಕೆ ಹೊಸ ದಾನಿ ಸಿಗುತ್ತಾನೆ. ಚಿಕ್ಕ ಕಮಾನಿಗೇ ಲಕ್ಷಗಟ್ಟಲೆ ಯೆನ್. ಮಡಕೆಯಷ್ಟು ದೊಡ್ಡ ಡಬ್ಬಿಯಿಂದ ಕೇಸರಿಗೆಂಪು ತೆಗೆದು, ಕುಂಚದ ಅಂಚನ್ನು ಡಬ್ಬಿಯ ಬಾಯಿಗೆ ಒರೆಸಿ, ಒಂದು ಹನಿಯೂ ಕಲ್ಲಿನ ಮೇಲೆ ಬೀಳದಂತೆ ಆತ ಬಳಿಯುತ್ತಿದ್ದ. ನಮ್ಮ ಹಿಂದೆ ಬಂದ ವಿದೇಶಿ ತಂಡವೊಂದು ಆತ ಸರಿದರೆ ಫೋಟೋ ತೆಗೆಯಬಹುದೆಂದು ಕಾಯುತ್ತಾ ನಿಂತಿತ್ತು. ಆತ ಸರಿಯಲಿಲ್ಲ.

ಬೆಳಗ್ಗೆ ಏಳಕ್ಕೆ ಮುಂಚೆ ಹೋದರೆ ಬೆಟ್ಟ ನಿಮ್ಮದೇ. ಹತ್ತು ಗಂಟೆಗೆ ಇಳಿದಾಗ ಕೆಳಗೆ ಕಾಲಿಡಲು ಜಾಗವಿರಲಿಲ್ಲ, ಹಸಿವೂ ಆಗಿತ್ತು. ತೋಫುವಿನ ಸಿಹಿ ಚೀಲದಲ್ಲಿ ಅನ್ನ ತುಂಬಿದ ಇನಾರಿ ಸುಶಿ ನೋಡಲು ಶುದ್ಧ ಸಸ್ಯಾಹಾರ, ಆದರೆ ಆ ತೋಫುವನ್ನು ಕುದಿಸುವ ‘ದಾಶಿ’ ಸಾರಿಗೆ ಒಣಮೀನಿನ ಚಕ್ಕೆ ಬಿದ್ದಿರುತ್ತದೆ. ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ತೊಂದರೆ ಕೊಡುವುದು ತಟ್ಟೆಯಲ್ಲಿ ಕಾಣುವ ಮೀನಲ್ಲ, ಈ ಸಾರು. ಗೆಳತಿ ಜಪಾನಿ ಲಿಪಿಯಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ‘ಮಾಂಸ, ಮೀನು, ಮೊಟ್ಟೆ ಬೇಡ’ ಎಂಬುದರ ಕೆಳಗೆ ‘ಮೀನಿನ ದಾಶಿಯೂ ಬೇಡ’ ಎಂಬ ಸಾಲು ಇತ್ತು. ಮುಂದಿನ ದಿನಗಳಲ್ಲಿ ನಮ್ಮ ಹೊಟ್ಟೆ ತುಂಬಿಸಿದ್ದು ಆ ಒಂದು ಸಾಲು. ಮೊದಲ ಅಂಗಡಿಯ ಯಜಮಾನ ಚೀಟಿ ಓದಿ, ಹಲ್ಲಿನ ಸಂದಿನಿಂದ ಉಸಿರೆಳೆದುಕೊಂಡು, ತಲೆ ಓರೆ ಮಾಡಿದ. ಅಲ್ಲಿಗೆ ‘ಇಲ್ಲ’ ಎಂದು ತಿಳಿಯಬೇಕು. ಹಾಗೆಂದು ನಮ್ಮನ್ನು ಕೈಬಿಡಲೂ ಇಲ್ಲ. ಅಂಗಿಯ ಮೇಲಿನ ಏಪ್ರನ್ ಬಿಚ್ಚದೆಯೇ ಎರಡು ಓಣಿ ದಾಟಿಸಿ, ಸುಟ್ಟ ಗೆಣಸು ಮಾರುವ ಅಂಗಡಿಯ ಮುಂದೆ ನಿಲ್ಲಿಸಿ, ಬಾಗಿ ವಂದಿಸಿ ಓಡಿದ. ಹಳದಿ ಬಣ್ಣದ, ಜೇನಿನಂತೆ ಅಂಟುವ ಆ ಗೆಣಸನ್ನು ತಿಂದ ಮೇಲೆ ಅತ್ತೆಗೆ ಜಪಾನಿನ ಮೇಲೆ ಭರವಸೆ ಬಂತು.

ಸಂಜೆ ಗೇಶಾ ಕಲಾವಿದೆಯರ ಬಡಾವಣೆ ಗಿಯೋನ್. ಇಲ್ಲಿನ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರು ಹೋಗುವಂತಿಲ್ಲ, ಹೋದರೆ ಹತ್ತು ಸಾವಿರ ಯೆನ್ ದಂಡವೆಂದು ಫಲಕವಿದೆ. ಗೇಶಾಗಳನ್ನು ಬೆನ್ನಟ್ಟಿ, ಕಿಮೋನೋ ತೋಳು ಜಗ್ಗಿ ಫೋಟೋ ತೆಗೆಯುವವರ ಕಾಟಕ್ಕೆ ಬೇಸತ್ತು ನಿವಾಸಿಗಳು ಮಾಡಿಕೊಂಡ ಏರ್ಪಾಟು ಅದು. ನಾವು ಹನಾಮಿಕೋಜಿ ಮುಖ್ಯರಸ್ತೆಯ ಅಂಚಿನಲ್ಲಿ ನಿಂತಿದ್ದಾಗ ಒಬ್ಬ ಮಾಯ್ಕೋ, ಎಂದರೆ ಇನ್ನೂ ಕಲಿಯುತ್ತಿರುವ ಹುಡುಗಿ, ಬೆನ್ನಿನ ಮೇಲೆ ಉದ್ದನೆಯ ಪಟ್ಟಿ ಇಳಿಬಿಟ್ಟುಕೊಂಡು ಸರಸರನೆ ಹಾದುಹೋದಳು. ಹದಿನೇಳೋ ಹದಿನೆಂಟೋ ಇರಬೇಕು. ಕೆಲಸಕ್ಕೆ ತಡವಾದವಳ ನಡಿಗೆ.

“ಇವರ ಬಗ್ಗೆ ಏನೇನೋ ಹೇಳುತ್ತಾರಲ್ಲ” ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. ನಾನು ಮುಜುಗರದಿಂದಲೇ ಗೆಳತಿಗೆ ದಾಟಿಸಿದೆ. ಆಕೆ ಬೇಸರಿಸಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಮೊದಲ ಗೇಶಾಗಳು ಗಂಡಸರೇ, ಔತಣಗಳಲ್ಲಿ ನಗಿಸುವವರು, ತಮಟೆ ಬಾರಿಸುವವರು. ಹೆಂಗಸರು ಆಮೇಲೆ ಬಂದರು. ಹಾಡು, ಕುಣಿತ, ಶಾಮಿಸೆನ್ ವಾದ್ಯ ಅವರ ಕಸುಬು. ಯುದ್ಧ ಮುಗಿದ ಮೇಲೆ ಬಂದ ಅಮೆರಿಕದ ಸೈನಿಕರಿಗೆ ಕಿಮೋನೋ ಉಟ್ಟವರೆಲ್ಲ ಗೇಶಾಗಳಾದರು, ಆ ಹೆಸರು ಕೆಟ್ಟ ಅರ್ಥ ಹೊತ್ತು ಲೋಕ ಸುತ್ತಿತು.

ಪರಿಚಯವಿಲ್ಲದ ಗಿರಾಕಿಯನ್ನು ಓಚಾಯಾ ಎಂಬ ಔತಣದ ಮನೆಗಳು ಒಳಗೆ ಬಿಡುವುದಿಲ್ಲ ಎಂಬುದನ್ನು ನಾನು ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಲೆಕ್ಕದ ಕಥೆ ಕೇಳಿದ ಮೇಲೆ ಅದು ಬೇರೆಯಾಗಿ ಕಂಡಿತು. ಅಲ್ಲಿ ಅತಿಥಿ ಜೇಬಿಗೆ ಕೈ ಹಾಕುವುದಿಲ್ಲ. ಊಟ ಹೊರಗಿನಿಂದ ಬರುತ್ತದೆ, ಕಲಾವಿದೆಯರು ಬರುತ್ತಾರೆ, ಟ್ಯಾಕ್ಸಿ ಬರುತ್ತದೆ. ಎಲ್ಲಕ್ಕೂ ಮನೆಯೊಡತಿಯೇ ಹಣ ಕೊಟ್ಟಿರುತ್ತಾಳೆ, ಬಿಲ್ಲು ಆಮೇಲೆ ಹೋಗುತ್ತದೆ. ಗಿರಾಕಿ ಕೈಕೊಟ್ಟರೆ ಅವನನ್ನು ಕರೆತಂದವನು ತುಂಬಬೇಕು. ಗುರುತಿಲ್ಲದವನಿಗೆ ಸಾಲ ಕೊಡುವವರು ಯಾರು?

ಭಾನುವಾರ: ಮಕ್ಕಳ ದಿನ, ದೇವರುಗಳ ಸಾಲು

ನವೆಂಬರ್ ತಿಂಗಳ ವಾರಾಂತ್ಯಗಳಲ್ಲಿ ಜಪಾನಿನ ಹಳೆಯ ಧರ್ಮವಾದ ಶಿಂತೋದ ಯಾವ ಚಿಕ್ಕ ಗುಡಿಗೆ ಹೋದರೂ ಜರತಾರಿ ಉಟ್ಟ ಮಕ್ಕಳು ಸಿಗುತ್ತಾರೆ. ಮೂರು, ಐದು, ಏಳನೆಯ ವಯಸ್ಸಿನಲ್ಲಿ ಮಕ್ಕಳನ್ನು ದೇವರಿಗೆ ತೋರಿಸುವ ಶಿಚಿ-ಗೋ-ಸಾನ್ ಹಬ್ಬ ಅದು. ನವೆಂಬರ್ 15 ಅದರ ದಿನವಾದರೂ ಈಗ ಎಲ್ಲರೂ ರಜೆ ನೋಡಿಕೊಂಡು ಬರುತ್ತಾರೆ. ಗೆಳತಿಯ ಓಣಿಯ ಗುಡಿಗೆ ಹೋದಾಗ ಏಳು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಅಳುತ್ತಿದ್ದಳು. ಹೊಸ ಪಾದರಕ್ಷೆ ಕಚ್ಚಿತ್ತು. ಅಜ್ಜಿ ಕೈಚೀಲದಿಂದ ಗುಲಾಬಿ ಬಣ್ಣದ ಕ್ಯಾನ್ವಾಸ್ ಶೂ ತೆಗೆದು ತೊಡಿಸಿದರು. ಫೋಟೋಗೆ ಮಾತ್ರ ಆ ಚಪ್ಪಲಿ, ಓಡಾಡಲು ಇದು ಎಂದು ಒಪ್ಪಂದವಾಯಿತು. ಕಿಮೋನೋ ಬಾಡಿಗೆಯದು, ಕೂದಲ ಅಲಂಕಾರ ಸ್ಟುಡಿಯೋದ್ದು. ಪುರೋಹಿತರು ಬಿಳಿ ಕಾಗದದ ಕುಚ್ಚು ಕಟ್ಟಿದ ಕೋಲನ್ನು ತಲೆಯ ಮೇಲೆ ಬೀಸುವಾಗ ಅವಳು ಶೂಗಳನ್ನು ಕಿಮೋನೋ ಅಂಚಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಹೊರಡುವಾಗ ಕೊಕ್ಕರೆ, ಆಮೆ ಬರೆದ ಉದ್ದನೆಯ ಚೀಲದಲ್ಲಿ ಬಿಳಿ-ಕೆಂಪು ಸಕ್ಕರೆ ಕಡ್ಡಿ. ಆಯುಷ್ಯ ಕಡ್ಡಿಯಷ್ಟು ಉದ್ದವಾಗಲಿ ಎಂದು.

ಅತ್ತೆ ಗೆಳತಿಯನ್ನು ಕೇಳಿದರು, “ನಿಮ್ಮದು ಯಾವ ಧರ್ಮ?” ಆಕೆ ಸ್ವಲ್ಪ ಯೋಚಿಸಿ, “ಯಾವುದೂ ಇಲ್ಲ ಅನ್ನಿಸುತ್ತದೆ” ಎಂದರು. ಹುಟ್ಟಿದ ಮಗುವನ್ನು ಶಿಂತೋ ಗುಡಿಗೆ ಒಯ್ದಿದ್ದಾರೆ, ಮದುವೆ ಚರ್ಚಿನಂತೆ ಕಟ್ಟಿದ ಹಾಲಿನಲ್ಲಿ ಆಗಿದೆ, ತಂದೆಯ ಅಂತ್ಯಕ್ರಿಯೆ ಬೌದ್ಧ ಮಠದವರು ಮಾಡಿಸಿದ್ದಾರೆ. ಪುಸ್ತಕದಲ್ಲಿ ಓದಿದ ‘ಝೆನ್ ಜಪಾನ್’ ಎಲ್ಲಿದೆ ಎಂದು ಕೇಳಿದ್ದಕ್ಕೆ, ತಮ್ಮ ಬಳಗದಲ್ಲಿ ಧ್ಯಾನಕ್ಕೆ ಕುಳಿತವರೇ ಇಲ್ಲವೆಂದು ನಕ್ಕರು.

ಮಧ್ಯಾಹ್ನ ಸಾಂಜೂಸಾಂಗೆನ್-ದೋ. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಹಜಾರ, ಬೆಂಕಿಗೆ ಆಹುತಿಯಾಗಿ 1266ರಲ್ಲಿ ಮತ್ತೆ ಎದ್ದದ್ದು. ಒಳಗೆ ಕಾನ್ನೋನ್, ಎಂದರೆ ಅವಲೋಕಿತೇಶ್ವರನ 1001 ವಿಗ್ರಹಗಳು. ಕ್ಯಾಮೆರಾ ಹೊರಗೆ ತೆಗೆಯುವಂತಿಲ್ಲ, ಚಪ್ಪಲಿ ಬಾಗಿಲಲ್ಲೇ. (ನವೆಂಬರಿನಲ್ಲಿ ಆ ಹಲಗೆ ನೆಲ ಕೊರೆಯುತ್ತದೆ, ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗಿ.) ಮುಂದಿನ ಸಾಲಿನಲ್ಲಿ 28 ಕಾವಲು ದೇವತೆಗಳು. ಗೆಳತಿ ಹೆಸರು ಹೇಳುತ್ತಿದ್ದಂತೆ ಅತ್ತೆಯ ಹೆಜ್ಜೆ ಚುರುಕಾಯಿತು. ಬ್ರಹ್ಮ, ಇಂದ್ರ, ನಾರಾಯಣ. ಕೊಳಲು ಊದುತ್ತಿರುವ ಹಕ್ಕಿಮುಖದವನು ಗರುಡ.

“ಎಲ್ಲರೂ ನಮ್ಮವರೇ!” ಎಂದರು ಅತ್ತೆ.

“ಹೌದು, ನಿಮ್ಮ ಕಡೆಯಿಂದಲೇ ಬಂದವರು. ಆದರೆ ಬಂದು ಬಹಳ ಕಾಲವಾಯಿತು” ಎಂದು ಗೆಳತಿ ವಿನಯದಿಂದಲೇ ಹೇಳಿದರು.

ಆ ಮಾತು ರಾತ್ರಿಯವರೆಗೂ ನನ್ನ ತಲೆಯಲ್ಲಿತ್ತು. ಗೇಶಾ, ಸಮುರಾಯ್, ಝೆನ್ ಎಂದು ಅಮೆರಿಕದ ಸಿನಿಮಾ ತೊಡಿಸಿದ ಕನ್ನಡಕವನ್ನು ತೆಗೆದಿಡುವುದು ಸುಲಭ, ಅದು ನಮ್ಮದಲ್ಲ. ‘ಇದೆಲ್ಲ ನಮ್ಮಿಂದಲೇ ಹೋದದ್ದು’ ಎಂಬ ಇನ್ನೊಂದು ಕನ್ನಡಕ ನಮ್ಮ ಮೂಗಿನ ಅಳತೆಗೇ ಮಾಡಿಸಿದ್ದು, ಹಾಕಿಕೊಂಡಿದ್ದೇವೆ ಎಂಬುದೂ ಗೊತ್ತಾಗುವುದಿಲ್ಲ. ಕೊಳಲೂದುವ ಗರುಡನನ್ನು ನಾನು ನಮ್ಮ ಯಾವ ಗುಡಿಯಲ್ಲೂ ನೋಡಿಲ್ಲ. ಚೀನಾ, ಕೊರಿಯಾಗಳನ್ನು ಹಾದು ಇಲ್ಲಿಗೆ ಬರುವಷ್ಟರಲ್ಲಿ ಅವನು ಬೇರೆ ಕೆಲಸ ಹಿಡಿದಿದ್ದಾನೆ.

ಸೋಮವಾರ: ಕೋಯಾಸಾನ್

ಓಸಾಕಾದ ನಾಂಬಾ ನಿಲ್ದಾಣದಿಂದ ರೈಲು, ಕೊನೆಯಲ್ಲಿ ಕಡಿದಾದ ಬೆಟ್ಟಕ್ಕೆ ಕೇಬಲ್ ಗಾಡಿ. ಮೇಲೆ ಇಳಿದವರು ನಡೆದು ಊರು ಸೇರುವಂತಿಲ್ಲ, ಆ ರಸ್ತೆ ಬಸ್ಸಿಗೆ ಮಾತ್ರ. ನಮ್ಮ ಕಣ್ಣೆದುರೇ ಬಸ್ಸು ಹೊರಟಿತು. ಮುಂದಿನದಕ್ಕೆ ಕಾಯುವಾಗ ಮಂಜು ಇಳಿದು, ಸೀಡರ್ ಮರಗಳ ತುದಿ ಒಂದೊಂದಾಗಿ ಕಾಣೆಯಾದವು.

ಚೀನಾಕ್ಕೆ ಹೋಗಿ ಮಂತ್ರಮಾರ್ಗದ ಬೌದ್ಧಧರ್ಮವನ್ನು ಕಲಿತು ಬಂದ ಕೂಕಾಯ್, 816ರಲ್ಲಿ ಚಕ್ರವರ್ತಿಯ ಅಪ್ಪಣೆ ಪಡೆದು ಕಟ್ಟಿದ ಮಠಗಳ ಊರಿದು. ಬಸ್ಸು ಊರೊಳಗೆ ನುಗ್ಗುವ ಮೊದಲು ಸಿಗುವುದು ನ್ಯೋನಿನ್-ದೋ, ಹೆಂಗಸರ ಮಂದಿರ. ಸಾವಿರ ವರ್ಷಕ್ಕೂ ಮೀರಿ ಹೆಂಗಸರು ಇದನ್ನು ದಾಟುವಂತಿರಲಿಲ್ಲ. ಊರಿನ ಏಳು ಬಾಗಿಲುಗಳಲ್ಲಿ ಇಂಥ ಏಳು ಮಂದಿರಗಳಿದ್ದವು, ಉಳಿದಿರುವುದು ಇದೊಂದೇ. ಬಂದ ಹೆಂಗಸರು ಇಲ್ಲಿ ಪ್ರಾರ್ಥಿಸಿ, ಸುತ್ತಲಿನ ಬೆಟ್ಟಗಳ ನೆತ್ತಿಯ ಮೇಲೆ ಪ್ರದಕ್ಷಿಣೆ ಹಾಕಿ, ಮರಗಳ ಸಂದಿನಿಂದ ಒಳಗಿನ ಗೋಪುರಗಳನ್ನು ನೋಡಿ ಹಿಂತಿರುಗುತ್ತಿದ್ದರು. ಸರ್ಕಾರ 1872ರಲ್ಲಿ ನಿಷೇಧ ತೆಗೆದುಹಾಕಿತು. ಹಳೆಯದೆಲ್ಲ ಪೂಜ್ಯ ಎಂದು ಬರೆಯುವವರು ಈ ಮಂದಿರದ ಮುಂದೆ ಒಮ್ಮೆ ನಿಲ್ಲಬೇಕು.

ಊರಿನ ಸುಮಾರು ಐವತ್ತು ಮಠಗಳು ಅತಿಥಿಗಳನ್ನು ಇಟ್ಟುಕೊಳ್ಳುತ್ತವೆ. ಅಗ್ಗವಲ್ಲ, ಊಟದ ಹೊತ್ತೂ ಕಟ್ಟುನಿಟ್ಟು. ಸಂಜೆ ಐದೂವರೆಗೆ ನಮ್ಮ ಕೋಣೆಗೇ ಕೆಂಪು ಮೆರುಗೆಣ್ಣೆಯ ಕಾಲುಮಣೆಗಳು ಬಂದವು. ಎಳ್ಳಿನ ಹಾಲನ್ನು ಗಟ್ಟಿಯಾಗಿಸಿದ ಗೋಮಾ-ದೋಫು ಬಾಯಲ್ಲಿಟ್ಟರೆ ಕರಗಿತು. ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ-ದೋಫು ಸ್ಪಂಜಿನ ಹಾಗೆ ಸಾರು ಹೀರಿಕೊಂಡಿತ್ತು. ಸಾರು ಕಡಲಪಾಚಿ, ಅಣಬೆಗಳದ್ದು. ಮಾಂಸ, ಮೀನಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಚೀಟಿ ತೋರಿಸುವ ಅಗತ್ಯವೇ ಬೀಳಲಿಲ್ಲ. ಕ್ಯೋಟೋದಲ್ಲಿ ಗೆಣಸು, ಮೊಸರಿನ ಮೇಲೆ ದಿನ ನೂಕಿದ್ದ ಅತ್ತೆ ಅನ್ನವನ್ನು ಮೂರನೆಯ ಸಲ ಕೇಳಿ ಹಾಕಿಸಿಕೊಂಡರು. ಬಡಿಸಿದ ಹುಡುಗ ತಲೆ ಬೋಳಿಸಿದ ಭಿಕ್ಷು, ಕಿವಿಯ ಮೇಲೆ ಪೆನ್ನು.

ಸ್ನಾನ ಸಾಮೂಹಿಕ. ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕುಳಿತು ಸೋಪು ಹಚ್ಚಿ, ಪೂರ್ತಿ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಮೈಮೇಲೆ ನೂಲೂ ಇರಬಾರದು. ಅತ್ತೆ ಖಡಾಖಂಡಿತವಾಗಿ ಆಗದು ಎಂದರು. ರಾತ್ರಿ ಒಂಬತ್ತಕ್ಕೆ ಎಲ್ಲರೂ ಮುಗಿಸಿದ ಮೇಲೆ ಒಬ್ಬರೇ ಹೋಗಿ, ಮುಕ್ಕಾಲು ಗಂಟೆ ಬರಲೇ ಇಲ್ಲ. ನನಗೆ ದಿಗಿಲು. ಕೊನೆಗೆ ಕೆಂಪಗಾಗಿ, ಮಠದವರು ಕೊಟ್ಟ ಯುಕಾತಾ ಎಂಬ ತೆಳು ನಿಲುವಂಗಿ ಸುತ್ತಿಕೊಂಡು ಪಡಸಾಲೆಯಲ್ಲಿ ಬಂದರು. ಎದುರು ಸಿಕ್ಕ ಕೆಲಸದ ಅಜ್ಜಿ ಅವರನ್ನು ತಡೆದು, ಒಂದು ಮಾತೂ ಆಡದೆ, ಸೊಂಟದ ಪಟ್ಟಿ ಬಿಚ್ಚಿ, ಬಲ ಅಂಚಿನ ಮೇಲೆ ಎಡ ಅಂಚು ಬರುವಂತೆ ಮಡಿಸಿ ಮತ್ತೆ ಕಟ್ಟಿದರು. ಎಡದ ಮೇಲೆ ಬಲ ಬರುವಂತೆ ಉಡಿಸುವುದು ಹೆಣಕ್ಕೆ ಎಂದು ಬಡಿಸಿದ ಹುಡುಗ ತನ್ನ ಮೊಬೈಲಿನಲ್ಲಿ ಬರೆದು ತೋರಿಸಿದ.

“ಶ್ರಾದ್ಧದಲ್ಲಿ ಜನಿವಾರ ಅಪಸವ್ಯ ಮಾಡಿಕೊಳ್ಳುವುದಿಲ್ಲವೇ, ಹಾಗೆ” ಎಂದು ಅತ್ತೆ ನನಗೇ ತಿಳಿಸಿದರು. ಅಜ್ಜಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಮಂಗಳವಾರ: ಬೆಂಕಿ, ಸಮಾಧಿಗಳು

ಬೆಳಗಿನ ಪ್ರಾರ್ಥನೆಗೆ ಇನ್ನೂ ಕತ್ತಲು. ಸೀಮೆಎಣ್ಣೆಯ ಒಲೆಯ ಹತ್ತಿರ ಜಾಗ ಹಿಡಿಯುವುದು ಜಾಣತನ. ಪ್ರಾರ್ಥನೆ ಮುಗಿದು ಪಕ್ಕದ ಚಿಕ್ಕ ಮಂದಿರದಲ್ಲಿ ಗೋಮಾ, ಅಂದರೆ ಹೋಮ. ಕುಂಡದ ಮುಂದೆ ಕುಳಿತ ಹಿರಿಯ ಭಿಕ್ಷು ಸಮಿತ್ತುಗಳನ್ನು ಚೌಕಾಕಾರವಾಗಿ ಅಡ್ಡಡ್ಡ ಪೇರಿಸಿ, ಉದ್ದನೆಯ ಹಿಡಿಯ ಸೌಟಿನಲ್ಲಿ ಎಣ್ಣೆ ಹೊಯ್ದರು. ಪಕ್ಕದಲ್ಲಿ ದೊಡ್ಡ ಡೋಲು. ಜ್ವಾಲೆ ಮಾಡು ಮುಟ್ಟುವಷ್ಟು ಎದ್ದಾಗ ಡೋಲಿನ ಪೆಟ್ಟು ಎದೆಯೊಳಗೇ ಬಿದ್ದಂತಾಗುತ್ತಿತ್ತು. ಭಕ್ತರು ಬೇಡಿಕೆ ಬರೆದುಕೊಟ್ಟ ಕಡ್ಡಿಗಳು ಒಂದೊಂದಾಗಿ ಬೆಂಕಿಗೆ ಹೋದವು. ನಮ್ಮ ಮನೆಯ ಹೋಮಗಳಲ್ಲಿ ಡೋಲಿಲ್ಲ, ಬೇಡಿಕೆ ಬರೆದುಕೊಡುವುದೂ ಇಲ್ಲ, ಕುಂಡದ ಹಿಂದೆ ಖಡ್ಗ ಹಿಡಿದು ಹಲ್ಲು ಕಚ್ಚಿ ಕುಳಿತ ಉಗ್ರ ದೇವತೆ ಫುಡೋ ಮ್ಯೋಓ ಅಂತೂ ಇಲ್ಲವೇ ಇಲ್ಲ. ಅತ್ತೆ ಈ ಸಲ “ನಮ್ಮದೇ” ಎನ್ನಲಿಲ್ಲ. ಹೊಗೆಯನ್ನು ಅಂಗೈಯಲ್ಲಿ ತೆಗೆದು ಮೊಣಕಾಲಿಗೆ ಸವರಿಕೊಂಡರು. ಅವರ ಬೇಡಿಕೆ ಅಲ್ಲಿತ್ತು.

ಓಕುನೋಇನ್ ಎರಡು ಕಿಲೋಮೀಟರ್ ಉದ್ದದ ಸ್ಮಶಾನ, ಎರಡು ಲಕ್ಷಕ್ಕೂ ಮಿಕ್ಕಿ ಸಮಾಧಿಗಳು. ಮುಗಿಲೆತ್ತರದ ಸೀಡರ್‌ಗಳ ಕೆಳಗೆ ಪಾಚಿ ಹಿಡಿದ ಕಲ್ಲುಗಳು. ಚೌಕ, ಗೋಲ, ತ್ರಿಕೋನ, ಅರ್ಧಚಂದ್ರ, ಮೊಗ್ಗು ಎಂದು ಐದು ಆಕಾರ ಪೇರಿಸಿದ ಕಂಬಗಳು ಪಂಚಭೂತಗಳಿಗೆ. ಮೇಲೆ ಕೊರೆದದ್ದು ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿ. ಕೊನೆಯ ಗುಹೆಯಲ್ಲಿ ಕೂಕಾಯ್ ಇನ್ನೂ ಸಮಾಧಿಸ್ಥಿತಿಯಲ್ಲಿ ಕುಳಿತಿದ್ದಾರೆಂದು ನಂಬಿಕೆ. ಹತ್ತೂವರೆಗೆ ಹಳದಿ ಉಡುಪಿನ ಭಿಕ್ಷುಗಳು ಮರದ ಪೆಟ್ಟಿಗೆಯಲ್ಲಿ ಅವರಿಗೆ ಊಟ ಹೊತ್ತು ಸಾಗಿದರು. ಇದು ದಿನಕ್ಕೆ ಎರಡು ಸಲ.

ಸಮುರಾಯ್‌ಗಳ ಸಮಾಧಿ ನೋಡಬೇಕೆಂದಿದ್ದೆ. ಬದುಕಿಡೀ ಕಾದಾಡಿದ ತಾಕೆದಾ ಶಿಂಗೆನ್ ಮತ್ತು ಉಎಸುಗಿ ಕೆನ್‌ಶಿನ್ ದಾರಿಯ ಆಚೀಚೆ ಎದುರುಬದುರು. ಓದಾ ನೊಬುನಾಗಾನದು ಮೆಟ್ಟಿಲ ಮೇಲಿನ ಸಣ್ಣ ಕಲ್ಲು. ಅವನನ್ನು ಕೊನೆಗಾಣಿಸಿದ ಆಕೆಚಿ ಮಿತ್ಸುಹಿದೆಗೂ ಇದೇ ಕಾಡಿನಲ್ಲಿ ಜಾಗವಿದೆ. ‘ಸಮುರಾಯ್ ಧರ್ಮ’ ಎಂದು ಲೋಕ ಇಂದು ತಿಳಿದುಕೊಂಡಿರುವುದಕ್ಕೆ ಬಹುಪಾಲು ಕಾರಣ ನಿತೋಬೆ ಇನಾಜೋ 1900ರಲ್ಲಿ ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ, ಪಾಶ್ಚಾತ್ಯರಿಗೆಂದೇ ಪ್ರಕಟಿಸಿದ ಪುಸ್ತಕ. ಅದು ಜಪಾನಿ ಭಾಷೆಗೆ ಬಂದದ್ದು ಆಮೇಲೆ. ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗಿನ ಎದೋ ಕಾಲದ ಇನ್ನೂರೈವತ್ತು ವರ್ಷಗಳ ಶಾಂತಿಯಲ್ಲಿ ಹೆಚ್ಚಿನ ಸಮುರಾಯ್‌ಗಳು ಅಕ್ಕಿಯ ಸಂಬಳ ಪಡೆಯುತ್ತಾ ಕಡತ ಬರೆದವರು. ನಿತೋಬೆ ಬರೆಯುವ ಹೊತ್ತಿಗೆ, 1876ರ ಆಜ್ಞೆಯಿಂದ, ಸೊಂಟದ ಕತ್ತಿಯೂ ಹೋಗಿತ್ತು.

ಈ ವೀರರಿಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೊಸ ಭಾಗದ ಒಂದು ಕಲ್ಲು. ಗೆದ್ದಲು ನಿವಾರಿಸುವ ಕಸುಬಿನವರ ಸಂಘ, ತಾವು ಕೊಂದ ಗೆದ್ದಲುಗಳಿಗಾಗಿ ನಿಲ್ಲಿಸಿದ್ದು. ‘ಗೆದ್ದಲುಗಳೇ, ನೆಮ್ಮದಿಯಿಂದ ಮಲಗಿ’ ಎಂದು ಬರೆದಿದೆ. ತಮಾಷೆಗಲ್ಲ. ಮುರಿದ ಹೊಲಿಗೆ ಸೂಜಿಗಳಿಗೂ ಜಪಾನಿನಲ್ಲಿ ಪೂಜೆಯಿದೆ, ಗಟ್ಟಿ ಬಟ್ಟೆ ಹೊಲಿದು ದಣಿದವೆಂದು ಮೆತ್ತನೆಯ ತೋಫುವಿನಲ್ಲಿ ಚುಚ್ಚಿ ಬೀಳ್ಕೊಡುತ್ತಾರೆ. ಅತ್ತೆ ಕಲ್ಲಿನ ಮುಂದೆ ಕೈಮುಗಿದು, “ನಮ್ಮ ಅಟ್ಟದಲ್ಲಿ ಎಷ್ಟು ಕೊಂದಿದ್ದೇವೋ” ಎಂದರು.

ಬುಧವಾರ: ಇಸೆ

ನಾಂಬಾದಿಂದ ಎರಡು ಗಂಟೆಯ ರೈಲು, ಇಳಿಯುವಾಗ ಜಿಟಿಜಿಟಿ ಮಳೆ. ಇಸೆಯಲ್ಲಿ ಮೊದಲು ಹೊರಗುಡಿ ಗೆಕೂ, ಆಮೇಲೆ ಸೂರ್ಯದೇವಿ ಅಮಾತೆರಾಸುವಿನ ಒಳಗುಡಿ ನಾಯ್ಕೂ ಎಂಬುದು ವಾಡಿಕೆ. ಗೆಕೂವಿನ ದೇವಿ ಅನ್ನದ ದೇವಿ. ಇಲ್ಲಿ ಬೆಳಗ್ಗೆ, ಸಂಜೆ ದೇವರ ಅಡುಗೆಗೆ ಬೆಂಕಿಯನ್ನು ಈಗಲೂ ಮರದ ಕೊರಡು ಕಡೆದೇ ಹೊತ್ತಿಸುತ್ತಾರೆ.

ಗುಡಿಯ ಪಕ್ಕದಲ್ಲೇ ಅಷ್ಟೇ ಅಳತೆಯ ಖಾಲಿ ನಿವೇಶನ, ನಡುವೆ ನಾಯಿಗೂಡಿನಷ್ಟು ಚಿಕ್ಕ ಮರದ ಮಾಡು. ಇಪ್ಪತ್ತು ವರ್ಷಕ್ಕೊಮ್ಮೆ ಆ ಖಾಲಿ ಜಾಗದಲ್ಲಿ ಹೊಸ ಗುಡಿ ಎದ್ದು, ದೇವರು ರಾತ್ರಿ ಅಲ್ಲಿಗೆ ಹೋಗಿ, ಹಳೆಯದು ಕಳಚಿಕೊಳ್ಳುತ್ತದೆ. ಬಣ್ಣವಿಲ್ಲದ ಹಿನೋಕಿ ಮರ, ಹುಲ್ಲಿನ ಮಾಡು, ನೇರವಾಗಿ ಮಣ್ಣಿನಲ್ಲಿ ಹೂತ ಕಂಬ. ಹೆಚ್ಚು ಕಾಲ ಬಾಳುವ ಕಟ್ಟಡವೇ ಅಲ್ಲ ಅದು. ಮೊದಲ ಸಲ ಹೀಗೆ ಕಟ್ಟಿದ್ದು 690ರಲ್ಲಿ, 62ನೆಯದು 2013ರಲ್ಲಿ, ಮುಂದಿನದು 2033ಕ್ಕೆ. ‘ಎಂದೂ ಮುರಿಯದ ಪರಂಪರೆ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಅಂತರ್ಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಹೆಚ್ಚು ಇದು ನಿಂತುಹೋಗಿತ್ತು. ಮತ್ತೆ ಹಿಡಿದು ನಡೆಸಿದ್ದಾರೆ. ಗುಡಿಯ ಜೊತೆ ದೇವರ ಉಡುಪು, ಕತ್ತಿ, ಕನ್ನಡಿ, ಹೀಗೆ 714 ಬಗೆಯ 1576 ವಸ್ತುಗಳನ್ನೂ ಹೊಸದಾಗಿ ಮಾಡಿಸಬೇಕು. ಕಲಿತವರು ಕಲಿಸಲು ಇನ್ನೂ ಬದುಕಿರುವಾಗಲೇ ಮುಂದಿನ ಸರದಿ ಬರುತ್ತದೆ.

ನಾಯ್ಕೂವಿನಲ್ಲಿ ಮೆಟ್ಟಿಲ ಮೇಲೆ ಬಿಳಿ ಪರದೆಯವರೆಗೆ ಮಾತ್ರ ಪ್ರವೇಶ. ಒಳಗೆ ಬೇಲಿಯ ಮೇಲೆ ಬೇಲಿ. ಕಾಣುವುದು ಮಾಡಿನ ತುದಿ ಅಷ್ಟೇ. “ಇಷ್ಟು ದೂರ ಬಂದು ದರ್ಶನವೇ ಇಲ್ಲವಲ್ಲ” ಎಂದು ಅತ್ತೆ ಗೊಣಗಿದರು. ಗಾಳಿಗೆ ಪರದೆ ಒಂದಿಷ್ಟು ಎದ್ದಿತು, ಎಲ್ಲರೂ ಬಗ್ಗಿದರು, ಬಿಳಿ ಕಲ್ಲುಗಳು ಕಂಡವು.

ಮಳೆ ಜೋರಾಗಿ, ಇಸುಜು ನದಿಯ ದಡದಲ್ಲಿ 1707ರಿಂದ ನಡೆಯುತ್ತಿರುವ ಅಕಾಫುಕು ಅಂಗಡಿಯ ಚಾಪೆಯ ಮೇಲೆ ಕುಳಿತೆವು. ಅಂಟಕ್ಕಿಯನ್ನು ಬೇಯಿಸಿ ಕುಟ್ಟಿದ ಮೋಚಿಯ ಮೇಲೆ ಕೆಂಪವರೆಯ ಹೂರಣ, ಬೆರಳಿನಿಂದ ಒತ್ತಿದ ಮೂರು ಗೆರೆ. ಮೀನಿಲ್ಲ, ಮೊಟ್ಟೆಯಿಲ್ಲ. ಪಕ್ಕದಲ್ಲಿ ಕುಳಿತ ಊರಿನ ಹಿರಿಯರೊಬ್ಬರು ಚಹಾ ಹೀರುತ್ತಾ ನಮ್ಮ ಮೊಬೈಲಿನ ಅನುವಾದಕದ ಜೊತೆ ಮಾತಿಗಿಳಿದರು. ಹೊಸ ಗುಡಿಯ ದಿಮ್ಮಿಗಳನ್ನು ಊರವರೇ ಹಗ್ಗ ಕಟ್ಟಿ ನದಿಯಲ್ಲಿ, ರಸ್ತೆಯಲ್ಲಿ ಎಳೆದು ತರುತ್ತಾರೆ. ಈ ಸರದಿಯದು 2026 ಮತ್ತು 2027ರಲ್ಲಿ. ಅವರು ಮೊದಲು ಹಗ್ಗ ಹಿಡಿದಾಗ ಪ್ರಾಥಮಿಕ ಶಾಲೆಯ ಹುಡುಗ. ಈಗ ಓಣಿಯ ಮಕ್ಕಳಿಗೆ ಎಳೆಯುವಾಗಿನ ಹಾಡು ಕಲಿಸುತ್ತಾರೆ.

ಅತ್ತೆ ತಮ್ಮ ಮೊಬೈಲಿನಲ್ಲಿದ್ದ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಚಿತ್ರ ತೋರಿಸಿದರು. ಹಿರಿಯರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿ, ಕಲ್ಲಿನ ಕೆತ್ತನೆಯ ಮೇಲೆ ಬೆರಳಿಟ್ಟು ಕೇಳಿದರು, “ಇದನ್ನು ಮಾಡಬಲ್ಲವರು ನಿಮ್ಮ ಊರಿನಲ್ಲಿ ಈಗ ಇದ್ದಾರೆಯೇ?”

“ಕಲ್ಲಿನವರು ಗೊತ್ತಿಲ್ಲ. ಗಂಧದ ಮರ ಕೆತ್ತುವ ಗುಡಿಗಾರರು ಸಾಗರದಲ್ಲಿ ಇದ್ದಾರೆ.”

“ಅವರ ಮಕ್ಕಳು?”

ಅತ್ತೆ ನನ್ನ ಮುಖ ನೋಡಿದರು. “ನಮ್ಮ ಬೀದಿಯವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ.”

ಮೊಬೈಲ್ ಅದನ್ನು ಜಪಾನಿಗೆ ತಿರುಗಿಸಿ ಹೇಳಿತು. ಹಿರಿಯರು ಜೋರಾಗಿ ನಕ್ಕರು. ಅವರ ಮಗನೂ ನಗೋಯಾದಲ್ಲಿ ಅದೇ ಕೆಲಸ, ಹಗ್ಗ ಎಳೆಯುವ ದಿನ ಮಾತ್ರ ರಜೆ ಹಾಕಿ ಬರುತ್ತಾನಂತೆ.